ಗೋಡೆ ಮೇಲೆ ಕೆಂಪು ಸಮುದ್ರ

ನಮ್ಮ ಶಿರಸಿ ಕಡೆ ಮನೆಗಳ ಗೋಡೆ ಮೇಲೆ ಎಂತೆಂತ ಇರ್ತು ಹೇಳಿ ಒಂದ್ಸಲ ನೆನಪು ಮಾಡ್ಕಳಿ. ಹಿರಿಯರ ಫೋಟೋ, ಅದಕ್ಕೊಂದು ಗಂಧದ ಹಾರ. ಸೊಸೈಟಿಯವರು ಕೊಟ್ಟ ಕ್ಯಾಲೆಂಡರು. ಮದುವೆಗೆ ಉಡುಗೊರೆ ಬಂದ ಎರಡು ಗಡಿಯಾರ, ಎರಡರಲ್ಲೂ ಬೇರೆ ಬೇರೆ ಟೈಮು. ದೀಪಾವಳಿಗೆ ಬರೆದ ಶೇಡಿ ಗೆರೆ ಅರ್ಧ ಅಳಿಸಿ ಹೋದದ್ದು. ಸಮುದ್ರ ಮಾತ್ರ ಎಲ್ಲೂ ಇರ್ತಿಲ್ಲೆ. ಘಟ್ಟದ ಮೇಲಿನ ನಮಗೆ ಸಮುದ್ರ ಅಂದ್ರೆ ಗೋಕರ್ಣಕ್ಕೆ ಹೋದಾಗ ಕಾಲು ತೊಳೆದು, ಸೀರೆ ಅಂಚು ಒದ್ದೆ ಮಾಡ್ಕೊಂಡು ಬರೋ ಜಾಗ. ಅಷ್ಟೇ.

ನಮ್ಮನೆ ನಡುಮನೆ ಪಕ್ಕದ ಕೋಣೆಯಲ್ಲಿ ಈಗ ಒಂದು ಸಮುದ್ರ ಇದ್ದು. ಮೂರಡಿ ಅಗಲ, ಎರಡಡಿ ಎತ್ತರ. ಪೂರಾ ಚಿಪ್ಪಿಂದು. ಬಂದವರೆಲ್ಲ ಮೊದಲು ಕೇಳೋದು ಒಂದೇ ಪ್ರಶ್ನೆ: "ಸಮುದ್ರ ಎಂತಕೆ ಕೆಂಪು?" ಉತ್ತರ ಹೇಳೋದು ನನ್ನ ಕೆಲಸ ಅಲ್ಲ, ಅತ್ತೆದು. ಆದರೂ ಮಾಡೋ ವಿಧಾನ ಕೇಳಿದವರು ರಾಶಿ ಜನ ಇದ್ದ ಕಾರಣ ಎಲ್ಲ ಒಂದು ಕಡೆ ಬರೆದಿಡ್ತೆ.

ಅತ್ತೆಗೆ 83 ವರ್ಷ. ತವರುಮನೆ ಕುಮಟಾ ತಾಲೂಕಿನ ಅಘನಾಶಿನಿ ಊರು, ನದಿ ಸಮುದ್ರಕ್ಕೆ ಸೇರೋ ಕಡೆ. ಆಚೆ ದಡದಲ್ಲಿ ತದಡಿ. ಶಿವರಾತ್ರಿ ತೇರಿಗೆ ದೋಣಿ ಹತ್ತಿ ತದಡಿಗೆ ದಾಟಿ, ಅಲ್ಲಿಂದ ನಡೆದು ಗೋಕರ್ಣಕ್ಕೆ ಹೋಗ್ತಿದ್ದ ಕತೆ ನಾನು ಮದುವೆಯಾಗಿ ಬಂದ ಲಾಗಾಯ್ತು ಕೇಳ್ತಾ ಇದ್ದೇನೆ. ಗಜನಿ ಗದ್ದೆಯಲ್ಲಿ ಉಪ್ಪುನೀರಿಗೂ ಜಗ್ಗದೆ ಬೆಳೆಯೋ ಕಗ್ಗದ ಭತ್ತ, ಆ ಅಕ್ಕಿ ಗಂಜಿ, ಸಾಣಿಕಟ್ಟೆ ಉಪ್ಪು, ರಾತ್ರಿಯಿಡೀ ಸಮುದ್ರದ ಸದ್ದು. ಹದಿನೆಂಟಕ್ಕೆ ಮದುವೆಯಾಗಿ ಘಟ್ಟ ಹತ್ತಿದ ಮೇಲೆ ಆ ಸದ್ದಿನ ಬದಲು ಜೀರುಂಡೆ. "ಮೊದಲ್ನೇ ವರ್ಷ ನಿದ್ರೇನೇ ಬರ್ತಿತ್ತಿಲ್ಲೆ" ಅಂತ ಈಗಲೂ ಹೇಳ್ತ್ರು.

ಹೋದ ಚಳಿಗಾಲ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯ್ತು, ಆದರೆ ಮಲಗಿದ್ದೇ ಹೆಚ್ಚು. ಒಂದಿನ ರಾತ್ರಿ ನಮ್ಮವರ ಹತ್ರ ಕೇಳಿದ್ರು, "ಮಾಣೀ, ಒಂದ್ಸಲ ಸಮುದ್ರ ಕಾಂಬಲೆ ಕರ್ಕಂಡು ಹೋಗ್ತ್ಯನಾ?" ಅರವತ್ತು ದಾಟಿದ ಮಾಣಿ ಏನೂ ಹೇಳದೆ ಲೈಟು ಆರಿಸಿ ಬಂದ್ರು. ಶಿರಸಿಯಿಂದ ಕುಮಟಾ ಸುಮಾರು 60 ಕಿಲೋಮೀಟರು, ನಡುವೆ ದೇವಿಮನೆ ಘಟ್ಟ. ಹದಿನೈದು ನಿಮಿಷ ಕೂತರೆ ಬೆವರೋ ಜೀವವನ್ನ ಆ ತಿರುವುಗಳಲ್ಲಿ ಇಳಿಸೋದು ಹ್ಯಾಂಗೆ?

ಗೋಡೆಗೆ ಸಮುದ್ರ ಮಾಡೋ ಯೋಚನೆ ನನಗೆ ಬಂದದ್ದು ಆಮೇಲೆ. ಮೊಬೈಲಲ್ಲಿ ನೋಡಿದರೆ ಸಾವಿರ ಸಿಕ್ತು: ಆಕಾಶನೀಲಿ ಹಲಗೆ, ಗುಲಾಬಿ ಬಣ್ಣದ ಚಿಪ್ಪು, ನಡುವೆ ಒಂದು ನಕ್ಷತ್ರಮೀನು. ಚಂದ ಇತ್ತು. ಆದರೆ ಯಾವುದು ಎಲ್ಲಿನ ಸಮುದ್ರ ಅಂತ ಗೊತ್ತಾಗ್ತಿರಲಿಲ್ಲ. ನಮಗೆ ಬೇಕಾದ್ದು ಅಘನಾಶಿನಿ.

ಮೊದಲು ಚಿಪ್ಪು. ಅತ್ತೆಯ ಅಣ್ಣನ ಮಗ, ಅಂದರೆ ನಮ್ಮವರ ಭಾವ, ಬಸ್ಸಲ್ಲಿ ಅರ್ಧ ಚೀಲ ಕಳಿಸಿದ್ರು. ಸಮುದ್ರದ ದಡದಲ್ಲಿ ಹೆಕ್ಕಿದ್ದಲ್ಲ, ಒಂದು ಮನೆ ಹಿತ್ತಲಿನ ರಾಶಿಯಿಂದ ತುಂಬಿಸಿದ್ದು. ಅಲ್ಲಿ ನೀರು ಇಳಿದ ಹೊತ್ತಲ್ಲಿ ಹೆಂಗಸರು ಮೊಳಕಾಲುದ್ದ ನೀರಲ್ಲಿ ನಿಂತು, ಕಾಲಲ್ಲಿ ತಡಕಾಡಿ, ಕೈಯಲ್ಲಿ ಎತ್ತಿ ಬಳಚು ಬುಟ್ಟಿಗೆ ಹಾಕ್ತ್ರು. ಆ ನದೀಮುಖದ ಎಷ್ಟೋ ಸಂಸಾರಗಳ ಅನ್ನ ಅದು. 2024ರಲ್ಲಿ ಅಘನಾಶಿನಿ ನದೀಮುಖಕ್ಕೆ ರಾಮ್ಸಾರ್ ಜೌಗುಭೂಮಿ ಅನ್ನೋ ಮಾನ್ಯತೆ ಬಂತು. ಅತ್ತೆಗೆ ಪೇಪರ್ ಓದಿ ಹೇಳಿದಾಗ "ಯಂಗೆ ಮೊದ್ಲೇ ಗೊತ್ತಿತ್ತು" ಅಂದಿದ್ರು. ಚಿಪ್ಪು ಕೊಟ್ಟ ಮನೆಯ ಹೆಂಗಸು ಫೋನಲ್ಲಿ ನಕ್ಕರು, "ನಾವು ತಿಂದು ಎಸದದ್ದಕ್ಕೆ ನೀವು ಬಣ್ಣ ಹೊಡಿತ್ರಾ?" ಹೊಡಿತ್ಯ ಅಂದೆ.

ಹಿಂಗೆ ಅಡುಗೆಮನೆ ಚಿಪ್ಪು ತರೋದೇ ಒಳ್ಳೆದು ಅಂತ ನನ್ನ ಅಭಿಪ್ರಾಯ. ದಡದಲ್ಲಿ ಬಿದ್ದ ಸುರುಳಿ ಶಂಖ ಖಾಲಿ ಕಂಡರೂ ಒಳಗೆ ಸನ್ಯಾಸಿ ಏಡಿ ಇರಬಹುದು. ಇಲ್ಲದಿದ್ದರೆ ನಾಳೆ ಬಂದು ಸೇರ್ತು. ಅದಕ್ಕೆ ಸ್ವಂತ ಚಿಪ್ಪಿಲ್ಲ, ಬೇರೆಯವರು ಬಿಟ್ಟ ಮನೆಯೇ ಗತಿ. ಇನ್ನು ಅಂಗಡಿಯಲ್ಲಿ ಮಾರೋ ದೊಡ್ಡ ದೊಡ್ಡ ಶಂಖಗಳಲ್ಲಿ ಕೆಲವು ಜಾತಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಇವೆ. ಗೋಡೆ ಚಂದಕ್ಕೆ ಅದನ್ನೆಲ್ಲ ಕೊಳ್ಳೋದು ಬೇಡ.

ಚೀಲ ಬಂದ ದಿನವೇ ಜಗಳ. ಅತ್ತೆ ಮಂಚದ ಮೇಲಿಂದಲೇ ಕೂಗಿದ್ರು:

"ಸತ್ತ ಹುಳದ ಎಲುಬು ಮನೆ ಒಳಗೆ ತಪ್ಪಲಾಗ್ತಾ? ಎಂತ ಮಳ್ಳೇ ತಂಗಿ ನಿಂಗೆ?"

"ಅತ್ತೆ, ಕವಳಕ್ಕೆ ಹಚ್ಚೋ ಸುಣ್ಣ ಎಂತರದ್ದು?"

ತಲೆದಿಂಬಿನ ಪಕ್ಕದ ಸುಣ್ಣದ ಡಬ್ಬಿ ಒಂದ್ಸಲ ನೋಡಿದ್ರು. ಕರಾವಳಿಯಲ್ಲಿ ಸುಣ್ಣ ಅಂದ್ರೆ ಚಿಪ್ಪಿಂದೇ. ಚಿಪ್ಪನ್ನು ಬೆಂಕಿಯಲ್ಲಿ ಸುಟ್ಟು, ನೀರು ಹಾಕಿದ ಕೂಡಲೇ ಕುದ್ದು ಪುಡಿಯಾಗ್ತು. ಆ ಸುಣ್ಣವೇ ಗೋಡೆಗೂ, ಕವಳಕ್ಕೂ. ಅತ್ತೆಗೆ ಇದು ನನಗಿಂತ ಚೊಲೋ ಗೊತ್ತು.

"ಅದು ಸುಟ್ಟಿದ್ದು. ಬೆಂಕಿ ಕಂಡದ್ದಕ್ಕೆ ಮೈಲಿಗೆ ಇಲ್ಲೆ."

"ಹಂಗಾರೆ ಇದನ್ನೂ ಒಲೆ ಮೇಲೆ ಕುದಿಸಿದ್ರೆ?"

ಸ್ವಲ್ಪ ಹೊತ್ತು ಕವಳ ಜಗಿದ್ರು. "ಬಚ್ಚಲ ಒಲೆಯಲ್ಲಿ ಕುದಿಸು. ಅಡುಗೆ ಒಲೆಗೆ ತರಡ. ಕುದಿಸಿದ್ರೆ ಅಡ್ಡಿಲ್ಲೆ."

ಧರ್ಮಶಾಸ್ತ್ರ ಅಲ್ಲಿಗೆ ಮುಗೀತು. ಕುದಿಸೋದು ಹೆಂಗೂ ಬೇಕಿತ್ತು. ಹಳೇ ಪಾತ್ರೆಯಲ್ಲಿ ನೀರು, ಒಂದು ಮುಷ್ಟಿ ಸೋಪಿನಪುಡಿ, ಐದು ನಿಮಿಷ ಕುದಿ. ಆರಿದ ಮೇಲೆ ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ತಿಕ್ಕಿ, ಒಳಗೆ ಅಂಟಿದ ಮಾಂಸದ ತುಣುಕು ತೆಗೆಯೋದು. ವಾಸನೆ ಉಳಿದರೆ ಬಟ್ಟೆಗೆ ಹಾಕೋ ಬ್ಲೀಚ್ ಅರ್ಧ, ನೀರು ಅರ್ಧ ಸೇರಿಸಿ ಒಂದು ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಮೂರು ನೀರಲ್ಲಿ ತೊಳೆಯೋದು. ಹುಣಸೆಹುಳಿ, ಲಿಂಬೆಹುಳಿ, ವಿನೆಗರ್ ಹಾಕಲೇಬೇಡಿ. ತಾಮ್ರದ ಪಾತ್ರೆಗೆ ಹುಳಿ ಹೊಳಪು ಕೊಡ್ತು, ಚಿಪ್ಪನ್ನು ತಿಂತು. ಎರಡು ಹನಿ ಲಿಂಬೆರಸ ಬಿಟ್ಟು ನೋಡಿ, ಬುಸಬುಸ ನೊರೆ ಬರ್ತು. ಚಿಪ್ಪೇ ಕರಗೋದು ಅದು. ಆಮೇಲೆ ಅಡಿಕೆ ಅಂಗಳದಲ್ಲಿ ಎರಡು ದಿನ ಬಿಸಿಲು. ಮಣ್ಣು, ಉಪ್ಪು, ತೇವ ಯಾವುದೂ ಇರಬಾರದು, ಇದ್ದರೆ ಅಂಟು ಹಿಡಿತಿಲ್ಲೆ.

ಒಣಗಿದ ಚಿಪ್ಪು ಗೆರಸಿಯಲ್ಲಿ ಹಾಕಿ ಅತ್ತೆ ಮಡಿಲಲ್ಲಿಟ್ಟೆ, ದಿಂಬು ಕೊಟ್ಟು ಒರಗಿಸಿ. ಅರವತ್ತು ವರ್ಷ ಅಡಿಕೆ ಆರಿಸಿದ ಕೈ. ತಾವಾಗೇ ಆರಿಸೋಕೆ ಶುರು ಮಾಡಿದ್ರು. ದೊಡ್ಡದು, ನಡುವಿನದು, ಸಣ್ಣದು, ಒಡಕು, ಕಪ್ಪು ಹಿಡಿದದ್ದು. ರಾಶಿಗಳಿಗೆ ಹೆಸರೂ ಬಂತು: ಚಾಲಿ, ಬಿಳಿಗೋಟು, ಕೆಂಪುಗೋಟು, ಕೋಕಾ. "ಈ ಕೋಕಾಕ್ಕೆ ರೇಟು ಸಿಕ್ತಿಲ್ಲೆ ತಂಗಿ, ಅಡಿಗೆ ಹಾಕು" ಅಂದ್ರೆ ಒಡೆದ ಚಿಪ್ಪು ಚಿತ್ರದ ಕೆಳಗಡೆ ಸಾಲಿಗೆ ಹೋಗಬೇಕು ಅಂತ ಅರ್ಥ. ಆ ದಿನ ಮೊದಲ ಸಲ ಹದಿನೈದು ನಿಮಿಷದ ಬದಲು ಮುಕ್ಕಾಲು ಗಂಟೆ ಒರಗಿ ಕೂತಿದ್ರು. ನಮ್ಮವರು ಬಾಗಿಲಲ್ಲಿ ನಿಂತು ನೋಡಿ, ಏನೂ ಮಾತಾಡದೆ ಹೋದ್ರು.

ಹಾಂಗೇ ಆರಿಸುವಾಗ ಒಂದು ಚಿಪ್ಪು ಎತ್ತಿ ಬೆಳಕಿಗೆ ಹಿಡಿದ್ರು. ಮೂತಿ ಹತ್ರ ಒಂದು ಸಣ್ಣ ತೂತು, ಮೊಳೆಯಲ್ಲಿ ಕೊರೆದಷ್ಟು ದುಂಡಗೆ. ಇದು ಮನುಷ್ಯ ಮಾಡಿದ್ದಲ್ಲ. ಮರಳೊಳಗೆ ಇರೋ ಒಂದು ಜಾತಿ ಬಸವನಹುಳು ಬಳಚನ್ನು ತಬ್ಬಿ ಹಿಡಿದು, ಗರಗಸದಂಥ ನಾಲಿಗೆಯಿಂದ ನಿಧಾನಕ್ಕೆ ಕೊರೆದು, ಒಳಗಿನ ಮಾಂಸ ತಿಂತು. ಅತ್ತೆಗೆ ಆ ಹುಳುವಿನ ವಿಷಯ ಗೊತ್ತಿರಲಿಲ್ಲ, ತೂತಿನ ವಿಷಯ ಗೊತ್ತಿತ್ತು. "ಸಣ್ಣಕಿದ್ದಾಗ ಇಂಥದ್ದೇ ಹುಡುಕಿ ಹುಡುಕಿ ಬಾಳೆನಾರಲ್ಲಿ ಸರ ಮಾಡ್ತಿದ್ಯ. ಅಪ್ಪಯ್ಯ ಕಂಡ್ರೆ ಹರಿದು ಎಸಿತಿದ್ದ. ಬೇಲಿ ಹತ್ರ ಹುಗಿಸಿ ಇಟ್ಟು ಒಳಗೆ ಬಪ್ಪದು." ನಲವತ್ತು ವರ್ಷದ ಸೊಸೆತನದಲ್ಲಿ ಈ ಸರದ ಕತೆ ನಾನು ಕೇಳಿರಲಿಲ್ಲ. ಎಲುಬು, ಮೈಲಿಗೆ ಅಂದಿದ್ದು ಯಾರ ಮಾತು ಅಂತ ಆಗ ಗೊತ್ತಾಯ್ತು.

ಇನ್ನು ಬಣ್ಣ. ಪೇಟೆಯಿಂದ ಅಕ್ರಿಲಿಕ್ ಬಣ್ಣದ ಸಣ್ಣ ಡಬ್ಬಿಗಳನ್ನ ತಂದಿದ್ದೆ. ಪೋಸ್ಟರ್ ಕಲರ್ ಚಿಪ್ಪಿಗೆ ಆಗ್ತಿಲ್ಲೆ, ನೀರು ತಾಗಿದರೆ ಬಿಡ್ತು. ಡಬ್ಬಿಗಳನ್ನೆಲ್ಲ ಹೊದಿಕೆ ಮೇಲೆ ಸಾಲಾಗಿಟ್ಟು ಕೇಳಿದೆ, ಯಾವ ನೀಲಿ ಹಾಕ್ಲಿ ಅಂತ.

"ಯಾರು ಹೇಳಿದ ನಿಂಗೆ ಸಮುದ್ರ ನೀಲಿ ಹೇಳಿ?"

"ಮತ್ತೆ?"

"ಬೇಸಗೆಯಲ್ಲಿ ಇರ್ತು ನೀಲಿ, ಪೇಟೆಯಿಂದ ಬಪ್ಪವಕ್ಕೆ. ಯಂಗೆ ನೆನಪಿಪ್ಪದು ಮಳೆಗಾಲದ್ದು. ಕೆಂಪು. ಹೊಳೆ ಬಂದು ಬಿದ್ದಲ್ಲಿ ಕೆಂಪು, ಅದರಾಚೆಗೆ ಬೂದಿ ಬಣ್ಣ, ಅದರಾಚೆಗೆ ಕಪ್ಪು ಹಸಿರು. ನೊರೆನೂ ಬಿಳಿ ಅಲ್ಲ, ಚಾ ನೊರೆ ಹಾಂಗೆ ಇರ್ತು."

ಯೋಚನೆ ಮಾಡಿದರೆ ಸರಿಯೇ. ಅಘನಾಶಿನಿ ಹುಟ್ಟೋದು ಇಲ್ಲೇ, ನಮ್ಮ ಶಿರಸಿ ತಾಲೂಕಲ್ಲಿ. ಉಂಚಳ್ಳಿಯಲ್ಲಿ ಧುಮುಕಿ, ಘಟ್ಟ ಇಳಿದು, ಮಿರ್ಜಾನದ ಪಕ್ಕ ಅಗಲವಾಗಿ, ಅತ್ತೆಯ ತವರೂರಲ್ಲಿ ಸಮುದ್ರ ಸೇರ್ತು. ನಡುವೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಆಷಾಢದ ಮಳೆಗೆ ಇಲ್ಲಿ ಕೊಚ್ಚಿ ಹೋದ ಕೆಮ್ಮಣ್ಣು ತಡೆಯಿಲ್ಲದೆ ಅಲ್ಲಿಗೆ ಹೋಗಿ ಸಮುದ್ರಕ್ಕೆ ಬಣ್ಣ ಕೊಡ್ತು.

"ನಿನ್ನ ಮಾವನ ತೋಟದ ಮಣ್ಣೂ ಇಕ್ಕು ಅದರಲ್ಲಿ" ಅಂತ ಅತ್ತೆ ನಕ್ಕರು. "ಯಾನು ಇಲ್ಲಿಗೆ ಬಂದಿ, ಇಲ್ಲಿನ ಮಣ್ಣು ಅಲ್ಲಿಗೆ ಹೋತು."

ಹಾಗಾಗಿ ಕೆಂಪು ಬಣ್ಣ ಡಬ್ಬಿಯಿಂದ ತೆಗೆಯಲಿಲ್ಲ, ತೋಟದ ಧರೆಯಿಂದ ತಂದೆ. ಬೇಕಾದವರು ಮಾಡಿ ನೋಡಿ, ಖರ್ಚಿಲ್ಲ. ಕೆಮ್ಮಣ್ಣು ಪುಡಿ ಮಾಡಿ ಬಕೆಟ್ ನೀರಿಗೆ ಹಾಕಿ ಕಲಕಿ, ಒಂದು ನಿಮಿಷ ಬಿಟ್ಟರೆ ಕಲ್ಲು, ಮರಳು ಕೆಳಗೆ ಕೂತ್ಕೊಳ್ತು. ಮೇಲಿನ ಕೆಂಪು ನೀರನ್ನು ಹಳೇ ಪಂಚೆಯಲ್ಲಿ ಸೋಸಿ ಬೇರೆ ಪಾತ್ರೆಗೆ ಹಾಕಿ ಇಡೀ ರಾತ್ರಿ ಬಿಡೋದು. ಬೆಳಿಗ್ಗೆ ತಳದಲ್ಲಿ ಬೆಣ್ಣೆಯಂಥ ಮಣ್ಣು ಸಿಕ್ತು. ಎರಡು ಚಮಚ ಮಣ್ಣಿಗೆ ಒಂದು ಚಮಚ ಫೆವಿಕಾಲ್, ಗಂಜಿ ಹದ ಬರೋವಷ್ಟು ನೀರು. ಒಂದು ಚಿಪ್ಪಿಗೆ ಹಚ್ಚಿ ಒಣಗಿಸಿ ಬೆರಳಲ್ಲಿ ಉಜ್ಜಿ ನೋಡಿ. ಬೆರಳಿಗೆ ಪುಡಿ ಬಂದರೆ ಇನ್ನೂ ಸ್ವಲ್ಪ ಅಂಟು ಹಾಕಿ. ಒಂದೇ ದಪ್ಪ ಕೋಟಿಗಿಂತ ಎರಡು ತೆಳು ಕೋಟು ಚೊಲೋ, ಚಿಪ್ಪಿನ ಮೇಲಿನ ಗೆರೆಗಳು ಮುಚ್ಚಿ ಹೋಗ್ತಿಲ್ಲೆ. ಆ ಗೆರೆ ಚಿಪ್ಪು ಬೆಳೆದ ಗುರುತು, ಅಂಚಿಗೆ ಒಂದೊಂದೇ ಸಾಲು ಸೇರಿಸ್ಕೊಂಡು ಬೆಳಿತು ಅದು.

ಮಣ್ಣಿನ ಬಣ್ಣ ಹತ್ತಿರದ ನೀರಿಗೆ. ನಡುವಿನ ಪಟ್ಟಿಗೆ ಅದೇ ಮಣ್ಣಿಗೆ ಬೂದು ಅಕ್ರಿಲಿಕ್. ದೂರದ ಸಮುದ್ರಕ್ಕೆ ಕಪ್ಪು, ಹಸಿರು, ಒಂಚೂರು ಬಿಳಿ ಸೇರಿಸಿದ್ದು. ಅಲೆ ಕಾಣಬೇಕು ಅಂದ್ರೆ ಚಿಪ್ಪನ್ನು ಮೀನಿನ ಪೊರೆ ಹಾಂಗೆ ಒಂದರ ಮೇಲೊಂದು ಅರ್ಧ ಹತ್ತಿಸಿ ಇಡಬೇಕು. ದೂರದ್ದಕ್ಕೆ ಸಣ್ಣ ಚಿಪ್ಪು, ಹತ್ತಿರ ಬಂದ ಹಾಂಗೆ ದೊಡ್ಡದು. ಮೇಲಿನ ಸಾಲು ಮೊದಲು ಅಂಟಿಸಬೇಡಿ. ಯಾವ ಸಾಲು ಯಾವುದರ ಮೇಲೆ ಬರಬೇಕು ಅಂತ ಒಮ್ಮೆ ಹಲಗೆ ಮೇಲೆ ಸುಮ್ಮನೆ ಜೋಡಿಸಿ, ಮೊಬೈಲಲ್ಲಿ ಫೋಟೋ ಹೊಡೆದಿಟ್ಟು, ಆಮೇಲೆ ಅಂಟು ಹಚ್ಚಿ.

ಹಲಗೆ 9 ಎಂ.ಎಂ. ಪ್ಲೈವುಡ್ಡು, ಎರಡೂ ಬದಿ ಪ್ರೈಮರ್. ಒಂದೇ ಬದಿ ಹಚ್ಚಿದರೆ ಮಳೆಗಾಲದಲ್ಲಿ ಹಲಗೆ ಬಾಗ್ತು. ಬಳಚಿನ ಚಿಪ್ಪು ಕವುಚಿ ಇಟ್ಟರೆ ಅಂಚು ಮಾತ್ರ ತಾಗ್ತು, ಹಾಗಾಗಿ ಒಳಗೆ ಫೆವಿಕಾಲಲ್ಲಿ ಅದ್ದಿದ ಹತ್ತಿ ತುಂಬಿ ಅಂಟಿಸೋದು. ತೂಕದ ಚಿಪ್ಪಿಗೆ ಎಂ-ಸೀಲ್. ಒಂದು ದಿನ ಪೂರ್ತಿ ಹಲಗೆ ಮಲಗಿಸಿಯೇ ಇಡಬೇಕು. ದಡದ ಹೊಯ್ಗೆಗೆ ಭಾವ ಹಾರ್ಲಿಕ್ಸ್ ಬಾಟಲಿಯಲ್ಲಿ ಕಳಿಸಿದ ಮರಳನ್ನ ಮೂರು ಸಲ ಸಿಹಿನೀರಲ್ಲಿ ತೊಳೆದೆ. ಉಪ್ಪು ಉಳಿದರೆ ಗಾಳಿಯ ತೇವ ಎಳ್ಕೊಂಡು ಚಿತ್ರ ಬೆವರ್ತು. ಕೊನೆಗೆ ಮೇಲಿಂದ ಹೊಳಪಿಲ್ಲದ ವಾರ್ನಿಷ್ ಒಂದು ಕೈ.

ದೋಣಿ ಎಲ್ಲಿ ಹಾಕಲಿ ಅಂತ ಮತ್ತೆ ಕೇಳಿದೆ. ಕಪ್ಪಗೆ ಉದ್ದವಾಗಿದ್ದ ನಾಲ್ಕು ಚಿಪ್ಪು ದೋಣಿಗೆ ಅಂತಲೇ ತೆಗೆದಿಟ್ಟಿದ್ದೆ. ನೀರಲ್ಲಿ ಹಾಕೋಕೆ ಅತ್ತೆ ಬಿಡಲಿಲ್ಲ. ಮಳೆಗಾಲದಲ್ಲಿ ಯಾರಾದರೂ ಸಮುದ್ರಕ್ಕೆ ಹೋಗ್ತ್ರನೇ? ದೋಣಿ ಎಲ್ಲ ದಡಕ್ಕೆ ಎಳೆದು ಕವುಚಿ, ಮೇಲೆ ತೆಂಗಿನ ಮಡ್ಲು ಹೊದಿಸಿ ಇಡ್ತಿದ್ರಂತೆ. ಈಗ ಕಾನೂನೇ ಇದ್ದು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನು ಹಿಡಿಯೋಹಾಂಗಿಲ್ಲ. ಹಾಗಾಗಿ ನಮ್ಮ ನಾಲ್ಕೂ ದೋಣಿ ಹೊಯ್ಗೆ ಮೇಲೆ ಕವುಚಿ ಬಿದ್ದಿವೆ, ಸೋಗೆ ಎಸಳಿನ ಮಡ್ಲು ಹೊದ್ದು. ಸಮುದ್ರ ಪೂರ್ತಿ ಖಾಲಿ. ಮೊಬೈಲಿನ ಸಾವಿರ ಚಿತ್ರಗಳಲ್ಲಿ ಹಾಯಿದೋಣಿ ಇಲ್ಲದ್ದು ಒಂದೂ ಇರಲಿಲ್ಲ.

ತೂತಿನ ಚಿಪ್ಪಿಗೆ ಬಣ್ಣ ಹಚ್ಚಲಿಲ್ಲ. ಹೊಳೆಯ ತೆಂಕು ದಡದಲ್ಲಿ, ತವರುಮನೆ ಇರೋ ಜಾಗಕ್ಕೆ ಅದು. ಎಲ್ಲಿ ಅಂತ ಬೆರಳಿಟ್ಟು ತೋರಿಸಿದ್ದು ಅತ್ತೆಯೇ, ಅರ್ಧ ಇಂಚು ಆಚೆ ಈಚೆ ಮಾಡಿಸಿ ಮಾಡಿಸಿ.

ಹೈ ಇಸ್ಕೂಲ್ ಮೇಷ್ಟ್ರಾಗಿದ್ದ ನಮ್ಮವರು ತೂಗುಹಾಕೋ ಲೆಕ್ಕ ಮಾಡಿದ್ರು. ಹಳೇ ಮಣ್ಣಿನ ಗೋಡೆಗೆ ಸ್ಕ್ರೂ ಹಿಡಿತಿಲ್ಲೆ, ಮೇಲಿನ ಮರದ ತೊಲೆಯಿಂದ ಎರಡು ಹಗ್ಗ ಬಿಟ್ರು. ಹಿಂದೆ ಎರಡು ಮರದ ತುಂಡು ಹೊಡೆದು ಗೋಡೆಗೂ ಹಲಗೆಗೂ ನಡುವೆ ಗಾಳಿ ಆಡೋಕೆ ಜಾಗ ಮಾಡಿದ್ರು, ಬೂಷ್ಟು ಹಿಡಿಬಾರದು ಅಂತ. ಆಮೇಲೆ ಮಂಚದ ಮೇಲೆ ಅತ್ತೆಯ ಪಕ್ಕ ತಾವೇ ಮಲಗಿ ನೋಡಿದ್ರು. ನಿಂತವರ ಕಣ್ಣಿಗೆ ಸರಿ ಕಂಡದ್ದು ಮಲಗಿದವರಿಗೆ ಬರೀ ಹೊಳಪು. ಹಿಂದಿನವರು ಫೋಟೋದ ಮೇಲ್ತುದಿ ಮುಂದಕ್ಕೆ ಬಾಗಿಸಿ ಹಾಕ್ತಿದ್ದದ್ದು ಇದಕ್ಕೇ ಇರಬೇಕು, ಕೆಳಗೆ ಚಾಪೆ ಮೇಲೆ ಕೂತವರಿಗೆ ಕಾಣಲಿ ಅಂತ. ಹಾಗೇ ಬಾಗಿಸಿದ್ರು. ಮಳೆ ಹಿಡಿಯೋಕೆ ಹದಿನೈದು ದಿನ ಮೊದಲು, ಮೇ ತಿಂಗಳಲ್ಲಿ, ಕೆಲಸ ಮುಗೀತು. ನಮ್ಮ ಕಡೆ ಜೂನಿನ ಮೇಲೆ ಇದೆಲ್ಲ ಮಾಡೋ ಮಾತೇ ಇಲ್ಲ, ಅಂಟು ಒಣಗೋ ಮೊದಲು ಬೂಷ್ಟು ಬರ್ತು.

ನೋಡೋಕೆ ಬಂದ ನೆಂಟರೊಬ್ಬರು ಅತ್ತೆಗೆ ಹೇಳಿದ್ರು, "ಇನ್ನೆಂತ ಅತ್ತಿಗೆ, ಮಲಗಿದಲ್ಲೇ ಸಮುದ್ರ ಕಂಡಾಂಗೆ ಆತಲ್ಲ!"

ಅತ್ತೆ ಕೂಡಲೇ ಅಂದ್ರು, "ಹಾಂಗೆ ಹೇಳಡ. ಇದು ತಂಗಿ ಮಾಡಿದ ಚಿತ್ರ. ರಾಶಿ ಚೊಲೋ ಇದ್ದು. ಸಮುದ್ರ ಬೇರೆ."

ನನಗೆ ಆ ಮಾತು ಹಿಡಿಸಿತು. ಚಿತ್ರ ಸಮುದ್ರದ ಬದಲಿ ಆಗಲಿ ಅಂತ ಯಾರು ಹೇಳಿದ್ರೂ ಅದು ಆಗ್ತಿರಲಿಲ್ಲ, ಸದ್ದಿಲ್ಲ, ವಾಸನೆಯಿಲ್ಲ. ಆದರೆ ಒಂದು ಬದಲಾವಣೆ ಆಗಿದ್ದು ನಿಜ. ಮೊದಲು ನೋಡೋಕೆ ಬಂದವರೆಲ್ಲ ನೋವು ಹ್ಯಾಂಗಿದ್ದು, ನಿದ್ರೆ ಬಂತಾ, ಊಟ ಸೇರ್ತಾ ಅಂತ ಮೂರು ಪ್ರಶ್ನೆ ಕೇಳಿ ಸುಮ್ಮನಾಗ್ತಿದ್ರು. ಈಗ ಸಮುದ್ರ ಎಂತಕೆ ಕೆಂಪು ಅಂತ ಕೇಳ್ತ್ರು. ಅತ್ತೆ ದಿಂಬಿಗೆ ಒರಗಿ ಕೂತು, ಹೊಳೆ ಎಲ್ಲಿ, ತದಡಿ ಎಲ್ಲಿ, ದೋಣಿ ಎಂತಕೆ ಕವುಚಿದ್ದು ಅಂತ ಶುರು ಮಾಡ್ತ್ರು. ಮೊಮ್ಮಗಳಿಗೆ ಬಾಳೆನಾರಲ್ಲಿ ಸರ ಪೋಣಿಸೋದು ಹೇಳಿಕೊಟ್ಟಾಯ್ತು. ಅದು ಗೋಡೆಗಲ್ಲ, ಕೊರಳಿಗೆ.

ಉಳಿದ ಚಿಪ್ಪು ಒಂದು ಡಬ್ಬಿ ಇದ್ದು. ಬೇಕಾದವರು ಮಳೆ ಮುಗಿದ ಮೇಲೆ ಬನ್ನಿ, ಕುದಿಸಿ ಒಣಗಿಸಿ ಇಟ್ಟದ್ದು, ಮೈಲಿಗೆ ಇಲ್ಲೆ.

ಘಟ್ಟ ಇಳಿಯೋ ವಿಷಯ ಇನ್ನೂ ಬಾಕಿಯೇ ಇದ್ದು. ಗೋಡೆಗೆ ಹಲಗೆ ಹಾಕಿದ್ದಕ್ಕೆ ಆ ಮಾತು ಮುಗೀಲಿಲ್ಲ, ಮುಗಿಬಾರದು ಕೂಡ. ಅತ್ತೆ ಈಗ ಒಂದು ಗಂಟೆ ಒರಗಿ ಕೂರ್ತ್ರು. ನಮ್ಮವರು ಹಿಂದಿನ ಸೀಟು ಪೂರ್ತಿ ಮಡಚೋ ಗಾಡಿ ಯಾರ ಹತ್ರ ಇದ್ದು ಅಂತ ವಿಚಾರಿಸ್ತಾ ಇದ್ದ್ರು. ನಿಲ್ಲಿಸಿ ನಿಲ್ಲಿಸಿ ಹೋದರೆ ನಾಲ್ಕು ಗಂಟೆ ಆಗಲಿ, ದೀಪಾವಳಿ ಕಳೆದ ಮೇಲೆ ನೋಡ್ವ ಅಂತ ಮಾತಾಗಿದ್ದು. ಅಷ್ಟೊತ್ತಿಗೆ ಸಮುದ್ರ ನೀಲಿ ಆಗಿರ್ತು. ಅತ್ತೆಗೆ ಹೇಳಿದೆ. "ಅಡ್ಡಿಲ್ಲೆ" ಅಂದ್ರು.